ಬಾಬರ್ ಮಾಡಾಕ ಹೋಗಿ ಅವ್ವನ ಸೀಟು ಕಿತ್ತೆ

ನಮ್ಮ ಅಸೂಟಿ ಕಡೆ ಮುಂಗಾರಿ ಮಳೆ ಹಿಡಿದರೆ ಬೈಕ್ ಇದ್ದವರು ಮೊದಲು ಮಾಡುವ ಕೆಲಸ ಒಂದೈತಿ. ಹತ್ತು ನಂಬರ್ ಪಾನಾ ತಗೊಂಡು ಮುಂದಿನ ಮಡ್‌ಗಾರ್ಡ್ ಬಿಚ್ಚಿ ಮೂಲೆಗೆ ಇಡುವುದು. ರೋಣ, ನರಗುಂದದ ಎರಿ ಹೊಲದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುವ ಇದೇ ಮಣ್ಣು, ಮಳೆ ಬಿದ್ದರೆ ಹಿಟ್ಟು ನಾದಿದಂತೆ ಆಗುತ್ತದೆ. ಗಾಲಿಗೆ ಹತ್ತುತ್ತದೆ, ಗಾಲಿಯಿಂದ ಮಡ್‌ಗಾರ್ಡಿನ ಒಳಗೆ ಹೋಗಿ ತುಂಬಿಕೊಳ್ಳುತ್ತದೆ. ನೂರು ಮಾರು ಹೋಗುವಷ್ಟರಲ್ಲಿ ಗಾಲಿ ತಿರುಗುವುದೇ ನಿಂತುಬಿಡುತ್ತದೆ. ಆಮೇಲೆ ಇಳಿದು ಕಟ್ಟಿಗೆ ಹುಡುಕಿ ಮಣ್ಣು ತಿವಿದು ತೆಗೆಯಬೇಕು. ಮತ್ತೆ ನೂರು ಮಾರು, ಮತ್ತೆ ಕಟ್ಟಿಗೆ.

ಹಂಗಾಗಿ ಗಾಡಿಯಿಂದ ಒಂದು ಭಾಗ ಬಿಚ್ಚಿ ಇಟ್ಟು ಓಡಿಸುವುದು ನಮಗೆ ಹೊಸದಲ್ಲ. ನಾನು ನನ್ನ ಅಪ್ಪನ ಗಾಡಿಯನ್ನು ಕೊಯ್ಯಲು ಹೋಗಿದ್ದೂ ಇದೇ ಧೈರ್ಯದ ಮೇಲೆ. ಮುಂದಿನ ಮಡ್‌ಗಾರ್ಡ್ ಇಲ್ಲದೆ ನಡೆಯುತ್ತದೆ ಎಂದ ಮೇಲೆ ಉಳಿದದ್ದೂ ಇಲ್ಲದೆ ನಡೆಯುತ್ತದೆ ಅಂದುಕೊಂಡೆ. ಅಲ್ಲೇ ತಪ್ಪಿದ್ದು.

ಗಾಡಿ 1995ರ ಹೀರೋ ಹೋಂಡಾ ಸ್ಪ್ಲೆಂಡರ್. 97.2 ಸಿಸಿ ಎಂಜಿನ್, ನಾಲ್ಕು ಗೇರು, ಕರಿ ಬಣ್ಣ. ನಂಬರ್ ಪ್ಲೇಟಿನ ಮೇಲೆ ಕೆಎ 25 ಅಂತ ಐತಿ. ಈಗಿನ ಹುಡುಗರು ನೋಡಿ, ಇದು ಧಾರವಾಡದ ಗಾಡಿ ಏನು ಅಂತ ಕೇಳುತ್ತಾರೆ. ಗದಗ ಜಿಲ್ಲೆಯಾಗಿದ್ದು 1997ರಲ್ಲಿ. ಅದಕ್ಕೂ ಮೊದಲು ನಾವೆಲ್ಲ ಧಾರವಾಡ ಜಿಲ್ಲೆಯವರೇ. ನಮ್ಮ ಮನೆಯಲ್ಲಿ ಜಿಲ್ಲೆಗಿಂತ ಗಾಡಿ ಹಿರಿದು.

ಅಪ್ಪ ಈ ಗಾಡಿಯ ಮೇಲೆ ಹೆಸರಿನ ಚೀಲ ಹೇರಿದ್ದಾನೆ, ಗೊಬ್ಬರ ತಂದಿದ್ದಾನೆ, ನಮ್ಮಕ್ಕನ ಹೆರಿಗೆಗೆ ರಾತ್ರಿ ಸೂಲಗಿತ್ತಿಯನ್ನು ಕೂರಿಸಿಕೊಂಡು ಬಂದಿದ್ದಾನೆ. ಮೊಣಕಾಲು ನೋವು ಶುರುವಾದ ಮೇಲೆ ಕಿಕ್ ಹೊಡೆಯಲು ಆಗದೆ ಬಿಟ್ಟ. ಗಾಡಿ ದಂದಕ್ಕಿಯಲ್ಲಿ ಎತ್ತಿನ ಪಕ್ಕ ನಿಂತಿತು. 2020ರಲ್ಲಿ ಲಾಕ್‌ಡೌನ್ ಆಗಿ ನಾನು ಪತ್ರಿಕೋದ್ಯಮದ ಸರ್ಟಿಫಿಕೇಟು ಹಿಡಿದು ಊರಿಗೆ ಬಂದಾಗ ನಾವಿಬ್ಬರೂ ಕೆಲಸ ಇಲ್ಲದೆ ನಿಂತವರೇ, ಗಾಡಿ ಮತ್ತು ನಾನು.

ಆ ದಿನಗಳಲ್ಲಿ ನನ್ನ ಕೈಯಲ್ಲಿ ಇದ್ದದ್ದು ಫೋನು, ಮನಸಿನಲ್ಲಿ ಇದ್ದದ್ದು ಬಾಬರ್.

ಬಾಬರ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹುಡುಗಿಯರ ಬಾಬ್ ಕಟ್ ಕೇಳಿದ್ದೀರಲ್ಲ, ಅದೇ ಬಾಬ್. ಇಂಗ್ಲಿಷಿನಲ್ಲಿ ಕುದುರೆಯ ಬಾಲ ಗಿಡ್ಡ ಕತ್ತರಿಸುವುದಕ್ಕೂ ಇದೇ ಮಾತು. ಅಮೆರಿಕದಲ್ಲಿ 1930, 40ರ ದಶಕದಲ್ಲಿ ಹುಡುಗರು ಭಾರದ ಮೋಟರ್‌ಸೈಕಲ್ ತಗೊಂಡು ಮುಂದಿನ ಮಡ್‌ಗಾರ್ಡ್ ಬಿಚ್ಚಿ, ಹಿಂದಿನದನ್ನು ಗಿಡ್ಡ ಕೊಯ್ದು, ಬೇಡದ ಸಾಮಾನು ತೆಗೆದು ಹಗುರ ಮಾಡುತ್ತಿದ್ದರು. ಎರಡನೆಯ ಮಹಾಯುದ್ಧದಿಂದ ತಿರುಗಿ ಬಂದ ಸೈನಿಕರಲ್ಲಿ ಇದರ ಹುಚ್ಚು ಇನ್ನೂ ಹೆಚ್ಚಾಯಿತು. ಹಗುರಾದರೆ ಜೋರು ಓಡುತ್ತದೆ, ಅಷ್ಟೇ ಲೆಕ್ಕ. ನೋಡಲು ಚಂದ ಕಂಡದ್ದರಿಂದ ಆಮೇಲೆ ಅದೇ ಒಂದು ಫ್ಯಾಷನ್ ಆಯಿತು. ಒಂಟಿ ಸೀಟು, ದಪ್ಪ ಟೈರು, ಗಿಡ್ಡ ಮಡ್‌ಗಾರ್ಡ್, ತಗ್ಗಿದ ಹ್ಯಾಂಡಲ್.

ಇದು ನಮ್ಮ ರಾಜ್ಯಕ್ಕೆ ದೂರದ ಸುದ್ದಿಯೂ ಅಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದಿಂದ ಜಾವಾ, ಆಮೇಲೆ ಯೆಜ್ಡಿ ಗಾಡಿಗಳು ತಯಾರಾದವು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. 2018ರ ನವೆಂಬರಿನಲ್ಲಿ ಜಾವಾ ಹೆಸರು ಮತ್ತೆ ಬಂತು. ಆಗಲೇ ಪೆರಾಕ್ ಅನ್ನುವ 334 ಸಿಸಿಯ ಬಾಬರ್ ಕೂಡ ತೋರಿಸಿದರು. ಕಂಪನಿಯೇ ಮಾಡಿದ ಒಂಟಿ ಸೀಟಿನ ಗಾಡಿ. ಬೆಲೆ ಎರಡು ಲಕ್ಷದ ಆಸುಪಾಸು. ನಮ್ಮ ಮನೆಯಲ್ಲಿ ಎರಡು ಲಕ್ಷ ಅಂದರೆ ಮಗಳ ಮದುವೆಯ ಸಾಲ. ಹಂಗಾಗಿ ನಾನು ಪೆರಾಕ್ ವಿಡಿಯೋ ನೋಡುತ್ತಿದ್ದೆ, ನೋಡಿದ ಮೇಲೆ ದಂದಕ್ಕಿಗೆ ಹೋಗಿ ಸ್ಪ್ಲೆಂಡರ್ ನೋಡುತ್ತಿದ್ದೆ.

ಮೊದಲು ಎಂಜಿನ್ ಶುರು ಮಾಡಬೇಕಿತ್ತು. ಈ ಕೆಲಸ ಮಾತ್ರ ನಾನು ಸರಿಯಾಗಿ ಮಾಡಿದೆ, ಯಾಕಂದರೆ ಅಪ್ಪ ಕಟ್ಟೆಯ ಮೇಲೆ ಕುಂತು ಹೇಳುತ್ತಿದ್ದ.

ಹಳೆಯ ಪೆಟ್ರೋಲ್ ಅಂಟಂಟಾಗಿತ್ತು. ಅದನ್ನು ಇಳಿಸಿ ಟ್ಯಾಂಕ್ ತೊಳೆದೆ. ಕಾರ್ಬೊರೇಟರ್ ಬಿಚ್ಚಿ ಜೆಟ್ಟಿನ ಸಣ್ಣ ತೂತಿಗೆ ಗಾಳಿ ಹೊಡೆದು ಸ್ವಚ್ಛ ಮಾಡಿದೆ. ತಂತಿ ಹಾಕಿ ಚುಚ್ಚಲು ಹೋದಾಗ ಅಪ್ಪ ಬೈದ. ಹಿತ್ತಾಳೆಯ ತೂತು ಒಂದು ಕೂದಲೆಳೆ ದೊಡ್ಡದಾದರೂ ಪೆಟ್ರೋಲ್ ಹೆಚ್ಚು ಕುಡಿಯುತ್ತದೆ ಅಂದ. ಪ್ಲಗ್ ಬಿಚ್ಚಿದರೆ ಕರಿ ಮಸಿ. ಪ್ಲಗ್ಗಿನ ತುದಿ ಇಟ್ಟಂಗಿ ಬಣ್ಣ ಇದ್ದರೆ ಎಂಜಿನ್ ಆರಾಮ ಐತಿ ಅಂತ ಅರ್ಥ. ಒಣ ಮಸಿ ಇದ್ದರೆ ಗಾಳಿ ಸಾಲುತ್ತಿಲ್ಲ, ಫಿಲ್ಟರ್ ಕಟ್ಟಿರಬಹುದು. ಎಣ್ಣೆ ಎಣ್ಣೆ ಇದ್ದರೆ ರಿಂಗ್ ಸವೆದಿರಬಹುದು. ನಮ್ಮದು ಫಿಲ್ಟರ್ ಕಟ್ಟಿದ್ದು. ಸ್ಪಂಜಿನ ಫಿಲ್ಟರಿನಿಂದ ಒಂದು ಮುಷ್ಟಿ ಎರಿ ದೂಳು ಬಂತು.

ಹೊಸ ಪ್ಲಗ್ ಹಾಕಿ, ಎಂಜಿನ್ ಆಯಿಲ್ ಬದಲಿಸಿ ಒದ್ದೆ. ಹದಿನೈದೋ ಇಪ್ಪತ್ತೋ ಕಿಕ್ ಆದ ಮೇಲೆ ಗಾಡಿ ಕೆಮ್ಮಿ ಎದ್ದಿತು. ಎತ್ತುಗಳು ಹಗ್ಗ ಜಗ್ಗಿದವು. ಅಪ್ಪ ನಕ್ಕಿದ್ದನ್ನು ನಾನು ನೋಡಿದೆ. ಅವ್ವ ಒಳಗಿಂದ ಬಂದು ಸೀಟಿನ ಮೇಲಿನ ದೂಳನ್ನು ಸೆರಗಿನಿಂದ ಒರೆಸಿದಳು.

ಒಂದು ವರ್ಷ ಹಂಗೇ ಓಡಿಸಿದೆ. ಅವ್ವನನ್ನು ಹೊಲಕ್ಕೆ ಬಿಡುವುದು, ತಿಂಗಳಿಗೊಮ್ಮೆ ರೋಣಕ್ಕೆ ಬಿಪಿ ತೋರಿಸಲು ಕರೆದುಕೊಂಡು ಹೋಗುವುದು, ಸಂತೆ ಮಾಡಿ ತರುವುದು ಎಲ್ಲ ಇದೇ ಗಾಡಿಯ ಮೇಲೆ. 2021ರ ಮುಂಗಾರಿಯಲ್ಲಿ ವಾಡಿಕೆಯಂತೆ ಮುಂದಿನ ಮಡ್‌ಗಾರ್ಡ್ ಬಿಚ್ಚಿದೆ. ಬಿಚ್ಚಿದ ಮೇಲೆ ಗಾಡಿ ನೋಡಿದರೆ ಅರ್ಧ ಬಾಬರ್ ಆಗಿ ನಿಂತಿತ್ತು. ಉಳಿದ ಅರ್ಧ ಯಾಕೆ ಬಿಡಬೇಕು ಅನ್ನಿಸಿತು.

ವೆಲ್ಡಿಂಗ್ ಅಂಗಡಿಗೆ ಹೋದೆ. ಅಲ್ಲಿಯ ಮೇಸ್ತ್ರಿ ಎರಡು ಮಾತು ಹೇಳಿದ, ಎರಡೂ ಒಳ್ಳೆಯವೇ. ಒಂದು, "ಪೆಟ್ರೋಲ್ ಟ್ಯಾಂಕ್ ಬಿಚ್ಚಿ ದೂರ ಇಟ್ಟು ಬಾ, ಬ್ಯಾಟರಿ ವೈರ್ ತಗಿ. ಇಲ್ಲಂದ್ರ ನಾ ಮುಟ್ಟಂಗಿಲ್ಲ." ಗ್ರೈಂಡರಿನ ಕಿಡಿಗೆ ಟ್ಯಾಂಕಿನ ಹಬೆ ಸಾಕು. ಬ್ಯಾಟರಿ ತೆಗೆಯದೆ ವೆಲ್ಡ್ ಮಾಡಿದರೆ ಸಿಡಿಐ ಸುಟ್ಟುಹೋಗಬಹುದು. ಇನ್ನೊಂದು, "ಚಾಸಿಗೆ ನಾ ಗ್ರೈಂಡರ್ ಹಚ್ಚಂಗಿಲ್ಲ. ಮಡ್‌ಗಾರ್ಡ್ ನಿಂದು, ಕೊಯ್ಕೋ. ಚಾಸಿ ಕೊಯ್ದು ನಾಳೆ ಮುರದು ಬಿದ್ರ ನನ್ನ ಹೆಸರು ಬರತೈತಿ." ವಿಡಿಯೋದಲ್ಲಿ ಎಲ್ಲರೂ ಹಿಂದಿನ ಚಾಸಿ ಕೊಯ್ದು ಬಗ್ಗಿಸಿದ ಪೈಪ್ ಕೂಡಿಸುತ್ತಿದ್ದರು. ನನಗೆ ಸಿಟ್ಟು ಬಂದಿತ್ತು. ಅವನು ಅವತ್ತು ಒಲ್ಲೆ ಅಂದದ್ದಕ್ಕೇ ಇವತ್ತು ಈ ಗಾಡಿ ರಸ್ತೆಯ ಮೇಲೆ ಐತಿ.

ಹಿಂದಿನ ಮಡ್‌ಗಾರ್ಡ್ ಕೊಯ್ಯಲು ಐದು ನಿಮಿಷವೂ ಹಿಡಿಯಲಿಲ್ಲ. ಉದ್ದ ಸೀಟು ತೆಗೆದು ಒಂಟಿ ಸೀಟು ಕೂಡಿಸಿದೆ. ಹಿಂದೆ ಹಿಡಿದುಕೊಳ್ಳುವ ಕಂಬಿ ತೆಗೆದೆ. ಚೈನಿನ ಮುಚ್ಚಿದ ಕವರ್ ತೆಗೆದೆ, ಚೈನ್ ಹೊಳೆಯುವುದು ಕಾಣಲಿ ಅಂತ. ಎಡಕ್ಕೆ ಇದ್ದ ಸೀರೆ ಗಾರ್ಡ್ ಬಿಚ್ಚಿದೆ. ಸೀರೆ ಗಾರ್ಡ್ ಇರುವ ಬಾಬರನ್ನು ನಾನು ಯಾವ ವಿಡಿಯೋದಲ್ಲೂ ನೋಡಿರಲಿಲ್ಲ.

ಊರಿನ ಹುಡುಗರು ಫೋಟೋ ತೆಗೆಸಿಕೊಂಡರು. ಅಪ್ಪ ಸುತ್ತ ಒಂದು ಸುತ್ತು ಬಂದು, "ಬಾಲ ಕೊಯ್ದ ಹೋರಿ ಆಗೇತಿ. ನೊಣ ಹೆಂಗ ಹೊಡಕೋತೈತಿ ಇದು?" ಅಂದ. ಅವ್ವ ಕೇಳಿದ್ದು ಒಂದೇ ಪ್ರಶ್ನೆ.

"ನಾ ಎಲ್ಲಿ ಕುಂದರಲಿ?"

ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತು. ಅವ್ವನಿಗಾಗಿ ಸ್ಪಂಜು ತುಂಬಿದ ಒಂದು ಸಣ್ಣ ಮಣೆ ಹೊಲಿಸಿದ್ದೆ. ಬೇಕಾದಾಗ ಹಿಂದಿನ ಚಾಸಿಯ ಮೇಲೆ ರಬ್ಬರ್ ಹಗ್ಗದಿಂದ ಬಿಗಿಯುವುದು, ಬೇಡವಾದಾಗ ತೆಗೆಯುವುದು. ಅವ್ವ ಏನೂ ಅನ್ನದೆ ಅದರ ಮೇಲೆ ಎಡಕ್ಕೆ ಕಾಲು ಬಿಟ್ಟು ಕೂರುತ್ತಿದ್ದಳು. ಹಿಡಿಯಲು ಕಂಬಿ ಇಲ್ಲ, ನನ್ನ ಹೆಗಲೇ ಹಿಡಿಯಬೇಕು. ಮೊದಲ ಮಳೆಯಲ್ಲೇ ಅವಳ ಬೆನ್ನ ಮೇಲೆ ಕತ್ತಿನವರೆಗೆ ಕೆಸರಿನ ಗೆರೆ ಮೂಡಿತು. ಮನೆಗೆ ಬಂದು ಸೀರೆ ನೆನೆಹಾಕಿ ತಿಕ್ಕಿದಳು. ಎರಿಮಣ್ಣಿನ ಕಲೆ ಹೋಗಲಿಲ್ಲ. ಆಗಲೂ ನನಗೆ ತಿಳಿಯಲಿಲ್ಲ.

ಗಾಡಿಗೂ ಪೆಟ್ಟು ಬೀಳುತ್ತಿತ್ತು, ಅದು ನನಗೆ ಬೇಗ ಕಾಣಿಸಿತು. ಬಿಚ್ಚಿಟ್ಟ ಚೈನಿಗೆ ಎಣ್ಣೆ ಹಾಕಿದರೆ ದೂಳು ಹತ್ತುತ್ತದೆ. ಎಣ್ಣೆ ಮತ್ತು ಎರಿ ದೂಳು ಕೂಡಿದರೆ ಸಾಣೆ ಹಿಡಿಯುವ ಪೇಸ್ಟ್ ಆಗುತ್ತದೆ. ಮೊದಲು ವರ್ಷಗಟ್ಟಲೆ ಬಾಳುತ್ತಿದ್ದ ಚೈನ್ ಒಂದೇ ಹಂಗಾಮಿನಲ್ಲಿ ಜೋತುಬಿತ್ತು. ಹಲ್ಲಿನ ಗಾಲಿಯ ತುದಿಗಳು ಗರಗಸದಂತೆ ಚೂಪಾದವು. ಗಾಲಿಯ ಕೆಸರು ನೇರ ಬ್ಯಾಟರಿಯ ಪೆಟ್ಟಿಗೆಗೆ, ವೈರಿಂಗಿಗೆ ಸಿಡಿಯುತ್ತಿತ್ತು. ಹಿಂದಿನ ದೀಪ ಎರಡು ಸಲ ಸುಟ್ಟಿತು.

ಇಷ್ಟೆಲ್ಲ ಮಾಡಿ ಹಗುರಾದದ್ದು ಎಷ್ಟು? ಬಿಚ್ಚಿದ ಸಾಮಾನೆಲ್ಲ ಚೀಲಕ್ಕೆ ಹಾಕಿ ಅಂಗಡಿಯ ತಕ್ಕಡಿಗೆ ಇಟ್ಟರೆ ಏಳು ಕೆಜಿಯೂ ತೂಗಲಿಲ್ಲ. ಏಳೂವರೆ ಅಶ್ವಶಕ್ತಿಯ ಆಸುಪಾಸಿನ ಎಂಜಿನ್ ಅದು. ನಾನು ಒಂದು ಚೀಲ ಜೋಳ ಕಡಿಮೆ ಹೇರಿದ್ದರೆ ಅದಕ್ಕಿಂತ ಹೆಚ್ಚು ಹಗುರಾಗುತ್ತಿತ್ತು.

2021ರ ನವೆಂಬರ್ ಕೊನೆಯ ವಾರ. ಆ ವರ್ಷ ಹಿಂಗಾರಿಯಲ್ಲಿ ಅಕಾಲದ ಮಳೆ ಬಿದ್ದು ಹೊಲದ ದಾರಿಗಳೆಲ್ಲ ಹಾಳಾಗಿದ್ದವು. ಕಡಲೆ ಕುಡಿ ಚಿವುಟುವ ದಿನಗಳು. ಸಂಜೆ ಅವ್ವನನ್ನು ಹೊಲದಿಂದ ಕರೆದುಕೊಂಡು ಬರುತ್ತಿದ್ದೆ. ಅವಳ ಮಡಿಲಲ್ಲಿ ಕಡಲೆ ಕುಡಿಯ ಗಂಟು. ಒಂದು ಕೈ ಗಂಟಿನ ಮೇಲೆ, ಒಂದು ಕೈ ನನ್ನ ಹೆಗಲ ಮೇಲೆ. ಕೆಸರು ದಾರಿ ದಾಟಿ ಡಾಂಬರ್ ರಸ್ತೆಗೆ ಬಂದ ಖುಷಿಗೆ ಗೇರ್ ಏರಿಸಿದೆ. ಮೂವತ್ತರ ವೇಗ ಇದ್ದಿರಬೇಕು.

ಹೆಗಲ ಮೇಲಿನ ಕೈ ಇದ್ದಕ್ಕಿದ್ದಂತೆ ಹೋಯಿತು. ಅವ್ವ ಕೂಗಿದಳೋ ಇಲ್ಲವೋ ನೆನಪಿಲ್ಲ. ಬಟ್ಟೆ ಹರಿದ ಸಪ್ಪಳ ನೆನಪೈತಿ. ಗಾಡಿ ಹಿಂದಿನಿಂದ ಯಾರೋ ಹಗ್ಗ ಹಾಕಿ ಜಗ್ಗಿದಂತೆ ನಿಂತಿತು.

ಇದರ ಲೆಕ್ಕ ನಾನು ಆಮೇಲೆ ಹಾಕಿದೆ. ನಮ್ಮ ಗಾಡಿಯ ಹಿಂದಿನ ಗಾಲಿ ಒಂದು ಸುತ್ತು ತಿರುಗಿದರೆ ಸುಮಾರು 1.9 ಮೀಟರ್ ಹೋಗುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ನಾಲ್ಕು ಸುತ್ತಿಗಿಂತ ಹೆಚ್ಚು. ಸೆರಗಿನ ತುದಿ ಸ್ಪೋಕಿಗೆ ಸಿಕ್ಕ ಮೇಲೆ "ಅವ್ವಾ" ಅನ್ನುವಷ್ಟರಲ್ಲಿ ಅದು ನಾಲ್ಕು ಸುತ್ತು ಸುತ್ತಿಕೊಂಡಿರುತ್ತದೆ. ಸೀರೆ ಹೆಗಲಿಗೆ ಸುತ್ತಿರುತ್ತದೆ, ಕುತ್ತಿಗೆಯ ಹತ್ತಿರ ಇರುತ್ತದೆ. ಬ್ರೇಕ್ ಒತ್ತಲು ನಮಗೆ ಟೈಮೇ ಇಲ್ಲ.

ಅವ್ವ ಎಡಗೈ ಊರಿ ಬಿದ್ದಿದ್ದಳು. ಸೀರೆ ಹಳೆಯದಾಗಿದ್ದಕ್ಕೆ ಹರಿದು ಬಿಟ್ಟುಕೊಟ್ಟಿತ್ತು. ಅವತ್ತು ಉಟ್ಟದ್ದು ಗಟ್ಟಿ ಇಳಕಲ್ ಸೀರೆ ಆಗಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲು ನನಗೆ ಈಗಲೂ ಆಗುವುದಿಲ್ಲ. ಇಬ್ಬರ ತಲೆಯ ಮೇಲೂ ಹೆಲ್ಮೆಟ್ ಇರಲಿಲ್ಲ. ದಾರಿಯಲ್ಲಿ ಬಂದ ಟಂಟಂನವರು ನಿಲ್ಲಿಸಿ ರೋಣಕ್ಕೆ ಕರೆದುಕೊಂಡು ಹೋದರು. ಮುಂಗೈ ಎಲುಬು ಮುರಿದಿತ್ತು. ಪ್ಲಾಸ್ಟರ್ ಹಾಕಿ ಆರು ವಾರ ಅಂದರು.

ಟಂಟಂನಲ್ಲಿ ಅವ್ವ ಹೇಳಿದ್ದು ಕೈ ನೋವಿನ ಮಾತಲ್ಲ. "ಕಡ್ಲಿ ಗಂಟು ಅಲ್ಲೇ ಬಿತ್ತೇನೋ?" ಅಂತ ಕೇಳಿದಳು.

ಆರು ವಾರ ನಮ್ಮ ಮನೆಯಲ್ಲಿ ರೊಟ್ಟಿ ಬಡಿದವನು ನಾನು. ರೊಟ್ಟಿಗೆ ಎರಡೂ ಕೈ ಬೇಕು, ಒಂದು ಬಡಿಯಲು, ಒಂದು ತಿರುಗಿಸಲು. ಅವ್ವ ಒಲೆಯ ಪಕ್ಕ ಪ್ಲಾಸ್ಟರ್ ಕೈ ಮಡಿಲಲ್ಲಿ ಇಟ್ಟುಕೊಂಡು ಹೇಳಿಕೊಡುತ್ತಿದ್ದಳು. ನನ್ನ ರೊಟ್ಟಿ ಒಂದು ಕಡೆ ದಪ್ಪ, ಒಂದು ಕಡೆ ಹರಕು. ಅಪ್ಪ ಎಲ್ಲ ತಿಂದ. ಗಾಡಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ಸಮಾಧಾನ ಆಗುತ್ತಿತ್ತು.

2022ರ ಜನವರಿ 2ಕ್ಕೆ ಎಳ್ಳಮಾಸಿ ಬಂತು. ಎಲ್ಲರೂ ಚರಗ ಚೆಲ್ಲಲು ಹೊಲಕ್ಕೆ ಹೊರಟರು. ಅವ್ವ, ಅಪ್ಪ, ಅಕ್ಕನ ಮಕ್ಕಳು ನೆರೆಯವರ ಟ್ರ್ಯಾಕ್ಟರಿನಲ್ಲಿ ಕುಂತರು. ಬುಟ್ಟಿಯಲ್ಲಿ ಸಜ್ಜೆ ರೊಟ್ಟಿ, ಎಣ್ಣೆಗಾಯಿ ಪಲ್ಯ, ಹೋಳಿಗೆ. ನಾನು ಹಿಂದೆ ಒಂಟಿ ಸೀಟಿನ ಮೇಲೆ ಒಬ್ಬನೇ. ಹಿಂದಿನ ವರ್ಷ ಇದೇ ದಾರಿಯಲ್ಲಿ ಇದೇ ಗಾಡಿಯ ಮೇಲೆ ಅವ್ವ ಬುಟ್ಟಿ ಹಿಡಿದುಕೊಂಡು ನನ್ನ ಹಿಂದೆ ಕುಂತಿದ್ದಳು. ಟ್ರ್ಯಾಕ್ಟರಿನಿಂದ ಅಕ್ಕನ ಮಗ ಕೂಗಿದ, "ಮಾಮಾ, ನಾ ನಿನ್ನ ಗಾಡಿ ಮ್ಯಾಲೆ ಬರತೀನಿ." ಅವನನ್ನು ಕೂರಿಸಲು ನನ್ನ ಗಾಡಿಯಲ್ಲಿ ಜಾಗ ಇರಲಿಲ್ಲ.

ಆ ವಾರ ಕುಂತು ಕಾನೂನು ಓದಿದೆ. ಪತ್ರಿಕೋದ್ಯಮ ಓದಿದವನು, ಗ್ರೈಂಡರ್ ಹಿಡಿಯುವ ಮೊದಲು ಓದಬೇಕಿತ್ತು.

ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿ ಬರೆದ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆ ಆಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಸೆಕ್ಷನ್ ಬಂತು. ಅನುಮತಿ ಇಲ್ಲದೆ ಗಾಡಿ ಮಾರ್ಪಾಡು ಮಾಡಿದ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೆ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೆ ಎರಡೂ. ಒಂದೊಂದಕ್ಕೆ ಅನ್ನುವುದನ್ನು ಗಮನಿಸಿ. ಬಣ್ಣವೂ ಆರ್‌ಸಿಯಲ್ಲಿ ಇರುತ್ತದೆ, ಅದನ್ನು ಬದಲಿಸಿದರೂ ತಿಳಿಸಬೇಕು.

ನನ್ನನ್ನು ನಿಲ್ಲಿಸಿದ್ದು ಮಾತ್ರ ಇನ್ನೊಂದು ಸಣ್ಣ ನಿಯಮ. ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 123ನೆಯದು. ಹಿಂದೆ ಕೂರಲು ಜಾಗ ಇರುವ ಮೋಟರ್‌ಸೈಕಲ್ಲಿಗೆ ಮೂರು ವಸ್ತು ಇರಲೇಬೇಕು ಅನ್ನುತ್ತದೆ. ಹಿಡಿಯಲು ಕಂಬಿ, ಕಾಲಿಡಲು ಫುಟ್‌ರೆಸ್ಟ್, ಮತ್ತು ಹಿಂದೆ ಕುಂತವರ ಬಟ್ಟೆ ಸಿಗದಂತೆ ಹಿಂದಿನ ಗಾಲಿಯ ಅರ್ಧಕ್ಕೆ ಕಡಿಮೆ ಇಲ್ಲದಷ್ಟು ಮುಚ್ಚುವ ರಕ್ಷಣೆ.

ಅದನ್ನು ಓದಿ ಫೋನು ಕೆಳಗಿಟ್ಟೆ. ನಾನು ಬಿಚ್ಚಿದ ಸಾಮಾನಿನ ಪಟ್ಟಿಯೇ ಅಲ್ಲಿ ಇತ್ತು. ಅಪ್ಪ 1995ರಲ್ಲಿ ಗಾಡಿ ತಂದಾಗ ಓಡಿಸುವವನಿಗಾಗಿ ಇದ್ದ ಸಾಮಾನು ಬೇರೆ, ಹಿಂದೆ ಕೂರುವವಳಿಗಾಗಿ ಇದ್ದ ಸಾಮಾನು ಬೇರೆ. ನಾನು ಬೇಡ ಅಂತ ತೆಗೆದದ್ದರಲ್ಲಿ ಹೆಚ್ಚಿನವು ಅವ್ವನಿಗೆ ಸೇರಿದವು. ಓಡಿಸುವವನಿಗೆ ಅವು ಯಾವತ್ತೂ ಉಪಯೋಗಕ್ಕೆ ಬರುವುದಿಲ್ಲ, ಅದಕ್ಕೇ ಅವು ನನಗೆ ಬೇಡದ ಸಾಮಾನಾಗಿ ಕಂಡವು. ಅಮೆರಿಕದ ಸೈನಿಕ ತನ್ನ ಗಾಡಿಯಿಂದ ಬೇಡದ್ದು ತೆಗೆದ, ಅದು ಅವನೊಬ್ಬನ ಗಾಡಿ. ನಮ್ಮದು ಮನೆಯವರೆಲ್ಲರ ಗಾಡಿ.

ವಾಪಸ್ ಕೂಡಿಸುವ ಕೆಲಸಕ್ಕೆ ಎರಡು ತಿಂಗಳು ಹಿಡಿಯಿತು. ಹಿಂದಿನ ಮಡ್‌ಗಾರ್ಡ್ ಗುಜರಿಯಲ್ಲಿ ಸಿಕ್ಕಿತು, ಡೊಂಕಾಗಿತ್ತು, ಬಡಿದು ಸರಿ ಮಾಡಿದೆ. ಚಾಸಿ ಕೊಯ್ಯದೆ ಬಿಟ್ಟಿದ್ದರಿಂದ ಎಲ್ಲ ಬೋಲ್ಟು ತಮ್ಮ ತೂತಿಗೆ ಸರಿಯಾಗಿ ಕುಂತವು. ಉದ್ದ ಸೀಟು ಇಲಿ ಕಡಿದಿತ್ತು, ಹೊಸ ಹೊದಿಕೆ ಹೊಲಿಸಿದೆ. ಚೈನ್ ಕವರ್, ಕಂಬಿ ಚೀಲದಲ್ಲೇ ಇದ್ದವು. ಸೀರೆ ಗಾರ್ಡ್ ಮಾತ್ರ ಕಾಣಲಿಲ್ಲ. ಹುಡುಕಿ ಹುಡುಕಿ ಅವ್ವನನ್ನು ಕೇಳಿದರೆ, ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದಳು. ಕೋಳಿಮರಿ ಹೊರಗೆ ಬರದಂತೆ ಗೂಡಿನ ಬಾಯಿಗೆ ಅಡ್ಡ ಇಟ್ಟಿದ್ದಳು. "ನಿನಗ ಬ್ಯಾಡಾದದ್ದು ಕೋಳಿಗೆ ಬೇಕಾತು" ಅಂದಳು. ಕೋಳಿಗೆ ಬೇರೆ ಜಾಳಿಗೆ ತಂದುಕೊಟ್ಟು ಅದನ್ನು ತೊಳೆದು, ತುಕ್ಕು ಉಜ್ಜಿ, ಬಣ್ಣ ಹಚ್ಚಿ ಕೂಡಿಸಿದೆ.

ಬಾಬರ್ ಹುಚ್ಚು ಪೂರ್ತಿ ಹೋಯಿತು ಅಂದರೆ ಸುಳ್ಳಾಗುತ್ತದೆ. ಗಾಡಿಯನ್ನು ಮನೆಯಲ್ಲೇ ಚೆನ್ನಾಗಿ ಇಟ್ಟುಕೊಳ್ಳುವುದಕ್ಕೆ ಆ ಹುಚ್ಚನ್ನು ತಿರುಗಿಸಿದೆ. ಪ್ರತಿ ಭಾನುವಾರ ಒಂದು ತಾಸು. ನಿಮಗೂ ಉಪಯೋಗ ಆಗಲಿ ಅಂತ ಬರೆಯುತ್ತೇನೆ.

ಕೆಸರು ಹಸಿ ಇದ್ದಾಗ ಕೆರೆಯುವುದಿಲ್ಲ. ಒಣಗಲು ಬಿಟ್ಟು ಕಟ್ಟಿಗೆಯಿಂದ ತಟ್ಟಿದರೆ ಎರಿಮಣ್ಣು ಹೆಂಟೆಯಾಗಿ ಬಿಡುತ್ತದೆ. ಆಮೇಲೆ ಕೊಡದ ನೀರು ಸಾಕು. ಪಂಪಿನ ಜೋರು ನೀರು ಗಾಲಿಯ ನಡುವಿನ ಬೇರಿಂಗಿಗೆ, ಫಿಲ್ಟರಿಗೆ, ಸೈಲೆನ್ಸರ್ ಬಾಯಿಗೆ ಹೊಡೆಯಬೇಡಿ. ಎಂಜಿನ್ನಿನ ಸಿಲಿಂಡರ್ ಮೇಲೆ ಪದರು ಪದರು ಇರುತ್ತದಲ್ಲ, ಅದರ ಸಂದಿಯ ಮಣ್ಣು ಮರೆಯದೆ ತೆಗೆಯಿರಿ. ಈ ಎಂಜಿನ್ ತಣ್ಣಗಾಗುವುದು ಆ ಸಂದಿಯಲ್ಲಿ ಹೋಗುವ ಗಾಳಿಯಿಂದ. ಅದು ಮುಚ್ಚಿದರೆ ಕೆಸರಿನಲ್ಲಿ ಒಂದನೇ ಗೇರಿನಲ್ಲಿ ಎಳೆಯುವಾಗ ಎಂಜಿನ್ ಕಾಯುತ್ತದೆ. ಕೆಸರಿನಲ್ಲಿ ಅರ್ಧ ಕ್ಲಚ್ ಹಿಡಿದು ಎಕ್ಸಲೇಟರ್ ತಿರುವುತ್ತ ನಿಲ್ಲಬೇಡಿ, ಪ್ಲೇಟು ಸುಡುತ್ತವೆ. ಇಳಿದು ದೂಡುವುದೇ ಅಗ್ಗ.

ಸ್ಪಂಜಿನ ಫಿಲ್ಟರ್ ಇದ್ದರೆ ಸೀಮೆಎಣ್ಣೆಯಲ್ಲೋ ಸಾಬೂನು ನೀರಲ್ಲೋ ತೊಳೆದು, ಹಿಂಡದೆ ಅಂಗೈಯಲ್ಲಿ ಒತ್ತಿ, ನೆರಳಿಗೆ ಒಣಗಿಸಿ, ಎಂಜಿನ್ ಆಯಿಲ್ ಹಚ್ಚಿ ಮತ್ತೆ ಒತ್ತಿ ಹಾಕಿ. ಕಾಗದದ ಫಿಲ್ಟರ್ ಇದ್ದರೆ ತೊಳೆಯಬೇಡಿ, ಬದಲಿಸಿ. ಸುಗ್ಗಿಯ ದೂಳಿನಲ್ಲಿ ಪುಸ್ತಕ ಹೇಳಿದ್ದಕ್ಕಿಂತ ಬೇಗ ನೋಡಬೇಕಾಗುತ್ತದೆ.

ಚೈನ್ ನಡುವೆ ಬೆರಳಿನಿಂದ ಎತ್ತಿ ಇಳಿಸಿದರೆ ಸುಮಾರು 25 ಮಿ.ಮೀ. ಆಡಬೇಕು. ಬಿಗಿ ಮಾಡಿದಾಗ ಗಾಲಿಯ ಎರಡೂ ಬದಿಯ ಗೆರೆಗಳು ಒಂದೇ ಲೆಕ್ಕದಲ್ಲಿ ಇರಲಿ, ಇಲ್ಲದಿದ್ದರೆ ಗಾಲಿ ಸೊಟ್ಟ ಕೂರುತ್ತದೆ. ಎಂಜಿನ್ ಓಡುತ್ತಿದ್ದಾಗ ಚೈನಿಗೆ ಬಟ್ಟೆ ಹಿಡಿದು ಒರೆಸಬೇಡಿ. ಹಂಗೆ ಬೆರಳು ಕಳೆದುಕೊಂಡವರು ಇದ್ದಾರೆ. ಚೈನ್ ಕವರ್ ಇದ್ದರೆ ತೆಗೆಯಬೇಡಿ, ನಮ್ಮ ಮಣ್ಣಿಗೆ ಅದು ಬಂಗಾರ.

ಆಯಿಲ್ ನೋಡುವಾಗ ಗಾಡಿ ಡಬಲ್ ಸ್ಟ್ಯಾಂಡ್ ಮೇಲೆ ನೇರ ನಿಲ್ಲಿಸಿ. ಈ ಎಂಜಿನ್ನಿನಲ್ಲಿ ಅಳತೆ ಕಡ್ಡಿಯನ್ನು ತಿರುವದೆ ಸುಮ್ಮನೆ ಇಳಿಸಿ ನೋಡಬೇಕು. ತಿರುವಿ ನೋಡಿದರೆ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ. ಒಳಗೆ ಇರುವುದೇ ಒಂದು ಲೀಟರಿಗಿಂತ ಕಡಿಮೆ, ಅದರಲ್ಲಿ ಸ್ವಲ್ಪ ಕಡಿಮೆಯಾದರೂ ಎಂಜಿನ್ನಿಗೆ ಬಹಳ.

ಮುಂದಿನ ಮಡ್‌ಗಾರ್ಡ್ ಈಗಲೂ ಮುಂಗಾರಿಯಲ್ಲಿ ಬಿಚ್ಚುತ್ತೇನೆ, ಡಾಂಬರಿಗೆ ಹೋಗುವ ದಿನ ಹಾಕುತ್ತೇನೆ. ಅದು ನಾಲ್ಕು ಬೋಲ್ಟಿನ ಮಾತು. ಬಿಚ್ಚಿದ್ದನ್ನು ಮತ್ತೆ ಕೂಡಿಸಲು ಬರುವಂತೆ ಇರಬೇಕು ಅನ್ನುವುದು ಈಗ ನನ್ನ ನೇಮ. ಕೊಯ್ಯುವುದು ಇಲ್ಲ.

2025ರಲ್ಲಿ ಗಾಡಿಗೆ ಮೂವತ್ತು ವರ್ಷ ತುಂಬಿತು. ಆರ್‌ಸಿ ಹದಿನೈದು ವರ್ಷಕ್ಕೆ ಮುಗಿದು, ಆಮೇಲೆ ಐದೈದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಗದಗಿಗೆ ತಗೊಂಡು ಹೋದೆ. ತಪಾಸಣೆ ಮಾಡುವವರು ಚಾಸಿ ನಂಬರ್ ಉಜ್ಜಿ ನೋಡಿದರು, ದೀಪ ನೋಡಿದರು, ಬ್ರೇಕ್ ನೋಡಿದರು. ಕೊಯ್ದ ಗಾಡಿ ಆಗಿದ್ದರೆ ಅಲ್ಲಿಗೇ ಅದರ ಆಯುಷ್ಯ ಮುಗಿಯುತ್ತಿತ್ತು. ಸಹಿ ಬಿತ್ತು. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಇನ್ನೈದು ವರ್ಷ ಆತಲ್ಲ" ಅಂದ, ಗಾಡಿಗೋ ತನಗೋ ಗೊತ್ತಾಗಲಿಲ್ಲ.

ಅವ್ವ ಮತ್ತೆ ಗಾಡಿ ಹತ್ತಲು ಬಹಳ ದಿನ ತಗೊಂಡಳು. ಪ್ಲಾಸ್ಟರ್ ಬಿಚ್ಚಿದ ಮೇಲೂ ಹೊಲಕ್ಕೆ ನಡೆದೇ ಹೋಗುತ್ತಿದ್ದಳು. ನಾನು ಒತ್ತಾಯ ಮಾಡಲಿಲ್ಲ. ಒಂದು ದಿನ ಸಂತೆಯಿಂದ ಬರುವಾಗ ಚೀಲ ಭಾರ ಆಗಿತ್ತು, ಬಸ್ ಬರಲಿಲ್ಲ. ಗಾಡಿಯ ಎಡಕ್ಕೆ ಬಂದು ನಿಂತಳು. ಸೀರೆ ಗಾರ್ಡನ್ನು ಕೈಯಿಂದ ಹಿಡಿದು ಎರಡು ಸಲ ಅಲ್ಲಾಡಿಸಿ ನೋಡಿದಳು. ಸೆರಗು ಮುಂದಕ್ಕೆ ತಂದು ಸೊಂಟಕ್ಕೆ ಸಿಗಿಸಿದಳು. ಆಮೇಲೆ ಕುಂತಳು. ಈಗಲೂ ಪ್ರತಿ ಸಲ ಹಂಗೇ ಅಲ್ಲಾಡಿಸಿ ನೋಡಿಯೇ ಕೂರುತ್ತಾಳೆ. ಹೆಲ್ಮೆಟ್ ಹಾಕಿಕೋ ಅಂದರೆ ಮಾತ್ರ ಇನ್ನೂ ಜಗಳ ಐತಿ.

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲೂ ಗಾಡಿ ಇರಬಹುದು. ಹಳೆಯದು ಕೊಂಡಿದ್ದರೆ ಸೀರೆ ಗಾರ್ಡ್ ಇಲ್ಲದೆಯೇ ಬಂದಿರಬಹುದು, ಇಲ್ಲವೆ ಹುಡುಗರು ಚಂದ ಕಾಣಲಿ ಅಂತ ತೆಗೆದಿರಬಹುದು. ಇವತ್ತು ಸಂಜೆ ಎಡಕ್ಕೆ ಹೋಗಿ ಒಮ್ಮೆ ನೋಡಿ. ಇಲ್ಲದಿದ್ದರೆ ಕೂಡಿಸಿ. ಸೀರೆಯವರಿಗೆ ಅಷ್ಟೇ ಅಲ್ಲ, ಓಢಣಿಗೆ, ಧೋತರದ ತುದಿಗೆ, ಮಕ್ಕಳ ಕಾಲಿಗೂ ಅದೇ ಗಾಲಿ. ಹಿಂದೆ ಕೂರುವವರು ಹತ್ತಿದ ಮೇಲೆ ಸೆರಗು ಎಲ್ಲೈತಿ ಅಂತ ಕೇಳಿ, ಆಮೇಲೆ ಗೇರ್ ಹಾಕಿ. ನಾನು ಈಗ ಕೇಳುತ್ತೇನೆ. "ಸಿಗಿಸೀನಿ, ನಡಿ" ಅನ್ನುತ್ತಾಳೆ ಅವ್ವ.